ಬಾಲ ಅಲ್ಲಾಡಿಸುವ ನಾಯಿ

ಶಾಲೆಯ ಮಕ್ಕಳ ಬಾಯಲ್ಲಿ ಆಕೆ ವೈರ್ ಮಿಸ್. ಕಲಿಸುತ್ತಿದ್ದದ್ದು ವಿಜ್ಞಾನ. ಕೆಲಸವೇನೂ ಕಾಯಂ ಅಲ್ಲ. ಪ್ರತಿ ವರ್ಷ ರಜೆ ಮುಗಿಯುವ ಹೊತ್ತಿಗೆ ಹೆಡ್‌ಮಾಸ್ಟರು ಹೇಳಿ ಕಳಿಸಿದರೆ ಉಂಟು, ಇಲ್ಲವಾದರೆ ಇಲ್ಲ. ಆಕೆಯ ಕೈಚೀಲದಲ್ಲಿ ಊಟದ ಡಬ್ಬಿಯ ಪಕ್ಕದಲ್ಲೇ ಒಂದು ಸ್ಕ್ರೂಡ್ರೈವರು, ಅರ್ಧ ಸವೆದ ಟೇಪಿನ ಸುರುಳಿ, ತುದಿ ಸುಲಿದ ತಂತಿಯ ತುಂಡುಗಳು ಸದಾ ಇರುತ್ತಿದ್ದವು. ಒಮ್ಮೆ ಅನ್ನದಲ್ಲಿ ಸ್ಕ್ರೂ ಸಿಕ್ಕಿ ಹಲ್ಲು ಮುರಿಯುವುದರಲ್ಲಿತ್ತು. ಆ ಕತೆಯನ್ನು ಮಕ್ಕಳಿಗೆ ತಾನೇ ಹೇಳಿ ನಗಿಸಿದ್ದಳು.

ಹಿಂದಿನ ವರ್ಷ ಒಂದು ದೊಡ್ಡ ಕಂಪನಿಯ ದತ್ತಿ ಸಂಸ್ಥೆಯವರು ಶಾಲೆಗೆ ಪ್ರಯೋಗಾಲಯ ಮಾಡಿಕೊಟ್ಟಿದ್ದರು. ಮೂಲೆಯ ಕೋಣೆಗೆ ಹೊಸ ಬಣ್ಣ, ಉದ್ದನೆಯ ಮೇಜುಗಳು, ಗಾಜಿನ ಬಾಗಿಲಿನ ಬೀರು. ಬೀರುವಿನಲ್ಲಿ ಸಾಲಾಗಿ ಪೆಟ್ಟಿಗೆಗಳು. ಒಂದೊಂದರಲ್ಲೂ ಪುಟ್ಟ ಮೋಟರು, ಬಲ್ಬು, ಸ್ವಿಚ್ಚು, ಚಕ್ರ. ಬೀರುವಿನ ಬೀಗದ ಕೈ ಮಾತ್ರ ಹೆಡ್‌ಮಾಸ್ಟರ ಮೇಜಿನ ಡ್ರಾಯರಿನಲ್ಲಿತ್ತು.

“ಒಂದು ಪೆಟ್ಟಿಗೆ ಕೊಡಿ ಸರ್, ಸಾಕು,” ಎಂದು ಆಕೆ ಕೇಳಿದ್ದಳು.

“ಕೆಡಿಸಿದ್ರೆ ಯಾರಮ್ಮ ಜವಾಬ್ದಾರಿ? ಕೊಟ್ಟವರು ಬಂದು ನೋಡಿದಾಗ ಎಲ್ಲ ಹೊಸದಾಗೇ ಇರಬೇಕು.”

“ಮಕ್ಕಳು ಮುಟ್ಟದೇ ಇದ್ರೆ ಕಲಿಯೋದು ಹೇಗೆ ಸರ್?”

“ಗಾಜಿನಿಂದ ಕಾಣುತ್ತಲ್ಲ! ತೋರಿಸಿ, ಹೇಳಿಕೊಡಿ.”

ಆಕೆ ಮತ್ತೆ ಕೇಳಲಿಲ್ಲ. ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಅದೇ ಕೋಣೆಯಲ್ಲಿ, ಬೀಗ ಹಾಕಿದ ಆ ಬೀರುವಿನ ಮುಂದೆಯೇ, ಬೇಕಾದ ಮಕ್ಕಳನ್ನು ಕೂರಿಸಿಕೊಂಡು ಗುಜರಿ ಸಾಮಾನಿನಿಂದ ಆಟಿಕೆ ಮಾಡಿಸತೊಡಗಿದಳು. ಮುರಿದ ಕಾರುಗಳ ಮೋಟರು, ಹಳೆಯ ಟಾರ್ಚಿನ ಸ್ವಿಚ್ಚು, ಔಷಧಿ ಬಾಟಲಿಯ ಮುಚ್ಚಳದ ಚಕ್ರ. ಆಕೆಯ ಮನೆಯಲ್ಲಿ ಟಿವಿ ರಿಮೋಟಿನ ಬ್ಯಾಟರಿ ನಿಲ್ಲುತ್ತಿರಲಿಲ್ಲ. “ಬೇರೆಯವರ ಮನೇಲಿ ಸಾಮಾನು ಕೆಟ್ರೆ ರಿಪೇರಿಗೆ ಹೋಗುತ್ತೆ, ನಮ್ಮನೇದು ಶಾಲೆಗೆ ಹೋಗುತ್ತೆ,” ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು. “ನಾಳೆ ನಾನು ಕೆಟ್ಟು ಕೂತ್ರೆ ನನ್ನನ್ನೂ ಬಿಚ್ಚಿ ಮೋಟರು ಹುಡುಕ್ತಾಳೆ.” ಹೀಗೆ ಹೇಳುತ್ತಲೇ, ಕೆಟ್ಟುಹೋದ ಕೈಫ್ಯಾನನ್ನು ಕಾಗದದಲ್ಲಿ ಸುತ್ತಿ ಸೊಸೆಯ ಚೀಲಕ್ಕೆ ಹಾಕುತ್ತಿದ್ದವರೂ ಅವರೇ.

ಮೊದಲ ಶನಿವಾರ ಆಕೆ ಮಕ್ಕಳನ್ನು ಕೈ ಕೈ ಹಿಡಿಸಿ ದುಂಡಗೆ ನಿಲ್ಲಿಸಿ, ತಾನೂ ಕೈ ಸೇರಿಸಿದಳು. “ನಾನು ಬ್ಯಾಟರಿ. ಒಂದು ಕೈಯನ್ನ ಯಾರಾದ್ರೂ ಅದುಮಿದ್ರೆ ನೀವು ಇನ್ನೊಂದು ಕೈಯಿಂದ ಪಕ್ಕದವರ ಕೈ ಅದುಮಬೇಕು.” ಅದುಮಿದ್ದು ಕೈಯಿಂದ ಕೈಗೆ ಸುತ್ತು ಹೊಡೆದು ಆಕೆಯ ಇನ್ನೊಂದು ಕೈಗೆ ಬಂದು ಸೇರಿತು. ಆಮೇಲೆ ಇಬ್ಬರ ಕೈ ಬಿಡಿಸಿದಳು. ಆಟ ಅಲ್ಲಿಗೇ ನಿಂತಿತು.

“ಅಂದ್ರೆ ಹೋದದ್ದು ವಾಪಸ್ ಬರಲೇಬೇಕಾ ಮಿಸ್?” ಎಂದು ಒಬ್ಬ ಹುಡುಗಿ ಕೇಳಿದಳು.

“ಬರಲೇಬೇಕು. ವಾಪಸ್ ಬರೋಕೆ ದಾರಿ ಇಲ್ಲ ಅಂದ್ರೆ ಕರೆಂಟು ಹೊರಡೋದೇ ಇಲ್ಲ.”

“ನಮ್ಮಪ್ಪನಿಗಿಂತ ಕರೆಂಟಿಗೇ ಬುದ್ಧಿ ಜಾಸ್ತಿ,” ಎಂದಳು ಹುಡುಗಿ. ಎಲ್ಲರೂ ಗೊಳ್ಳೆಂದು ನಕ್ಕರು. ಅವಳೂ ನಕ್ಕಳು. ಅವಳಪ್ಪ ಮನೆ ಬಿಟ್ಟು ಹೋದದ್ದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಈ ಹುಡುಗಿಗೆ ಗಿರಗಿಟ್ಲೆ ಎಂದು ಅಡ್ಡಹೆಸರು. ಒಂದು ಕಡೆ ಕೂತವಳಲ್ಲ. ತಾಯಿ ಅಂಗಡಿ ಬೀದಿಯ ಮೆಟ್ಟಿಲ ಕೆಳಗೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ದರ್ಜಿ. ಗಿರಗಿಟ್ಲೆಯನ್ನು ಓದಲು ಎಬ್ಬಿಸಿ ನಿಲ್ಲಿಸಿದರೆ ಅಕ್ಷರಗಳು ಅವಳ ಜೊತೆ ಕಣ್ಣಾಮುಚ್ಚಾಲೆ ಆಡುತ್ತಿದ್ದವು. ಒಂದು ಸಾಲು ಮುಗಿಸುವಷ್ಟರಲ್ಲಿ ಬೆವರುತ್ತಿದ್ದಳು. ಬಾಯಿಪಾಠವಂತೂ ಅವಳಿಗೆ ಆಗಿಬರುತ್ತಿರಲಿಲ್ಲ. ಉಳಿದ ಟೀಚರುಗಳು ಅವಳನ್ನು ಕೊನೆಯ ಬೆಂಚಿಗೆ ಬಿಟ್ಟು ಕೈ ತೊಳೆದುಕೊಂಡಿದ್ದರು.

ಆದರೆ ಅವಳ ಕೈಗೆ ಒಂದು ಮೋಟರು ಕೊಟ್ಟು ನೋಡಬೇಕಿತ್ತು. ಮೊದಲ ದಿನವೇ ಅದರ ತಂತಿಗಳನ್ನು ಬ್ಯಾಟರಿಗೆ ಹಿಡಿದು, ತಿರುಗಿದ್ದನ್ನು ಕಂಡು, ಥಟ್ಟನೆ ತಂತಿಗಳನ್ನು ಅದಲು ಬದಲು ಮಾಡಿ ಹಿಡಿದಳು. “ಮಿಸ್! ಉಲ್ಟಾ ತಿರುಗ್ತು!” ಎಂದು ಕಿರುಚಿದ್ದು ಆಟದ ಬಯಲಿನ ತನಕ ಕೇಳಿಸಿತು. ಮುಂದಿನ ವಾರ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ಐಸ್‌ಕ್ರೀಂ ಕಡ್ಡಿಯ ಕಾಲು ಅಂಟಿಸಿ, ಮೇಲೆ ಮೋಟರು ಕಟ್ಟಿ, ಮೋಟರಿನ ಕಡ್ಡಿಗೆ ಒಂದು ಬದಿಗೆ ವಾಲುವಂತೆ ರಬ್ಬರಿನ ತುಂಡು ಚುಚ್ಚಿದಳು. ಮೋಟರು ತಿರುಗಿದಾಗ ಇಡೀ ಮುಚ್ಚಳ ಗಡಗಡ ನಡುಗುತ್ತ ಮೇಜಿನ ಮೇಲೆ ನಡೆಯಿತು. ಒಂದು ಕಾಲು ಗಿಡ್ಡವಾಗಿದ್ದರಿಂದ ಓರೆಯಾಗಿ ನಡೆಯಿತು.

“ಕಾಲು ಸರಿ ಮಾಡೋಣ, ನೇರ ಹೋಗುತ್ತೆ,” ಎಂದಳು ವೈರ್ ಮಿಸ್.

“ಬೇಡ ಮಿಸ್, ಇದು ಏಡಿ. ಏಡಿ ನೇರ ನಡೆದ್ರೆ ಬೇರೆ ಏಡಿಗಳು ನಗಲ್ವಾ?”

ಆ ಮಾತಿಗೆ ವೈರ್ ಮಿಸ್‌ಗೆ ಎಷ್ಟು ಖುಷಿಯಾಯಿತೆಂದರೆ, ಆವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಕೂತಿದ್ದಳು. ತಾನು ಟೀಚರಾದದ್ದು ವ್ಯರ್ಥವಾಗಲಿಲ್ಲ ಎಂದು ಆಕೆ ಅಷ್ಟು ವರ್ಷಗಳಲ್ಲಿ ನಂಬಿದ್ದು ಆ ಕೆಲವು ತಿಂಗಳು ಮಾತ್ರ.

ದತ್ತಿ ಸಂಸ್ಥೆಯವರು ನೋಡಲು ಬರುತ್ತಾರೆ ಎಂಬ ಸುದ್ದಿ ಬಂತು. ಹೆಡ್‌ಮಾಸ್ಟರು ಮೂಲೆಯ ಕೋಣೆಗೆ ಬಂದು, ಮಕ್ಕಳು ಮಾಡಿದ್ದನ್ನೆಲ್ಲ ನೋಡಿದರು. ಟೇಪು ಸುತ್ತಿದ ಕಾರು, ಅರ್ಧ ದಾರಿಗೆ ನಿಲ್ಲುವ ದೋಣಿ, ಓರೆಯಾಗಿ ಹೋಗುವ ಏಡಿ. ಕೆಟ್ಟವರಲ್ಲ ಅವರು, ಹೆದರಿದವರು. ಕೊಟ್ಟವರು ಮುನಿಸಿಕೊಂಡಾರು ಎಂಬ ಒಂದೇ ಚಿಂತೆಯಲ್ಲಿ ಕೂದಲು ಉದುರಿಸಿಕೊಂಡವರು.

“ಇದೇನಮ್ಮ, ಕಸದ ತೊಟ್ಟಿ ತಂದು ಮೇಜಿನ ಮೇಲೆ ಸುರಿದ ಹಾಗಿದೆ,” ಎಂದರು. “ಅವರು ಅಷ್ಟು ದೊಡ್ಡ ಬೀರು ಕೊಟ್ಟಿದ್ದು ಇದಕ್ಕಾ?”

ಎರಡು ದಿನದಲ್ಲಿ ಪೇಟೆಯಿಂದ ರಟ್ಟಿನ ಪೆಟ್ಟಿಗೆಗಳು ಬಂದವು. ಒಳಗೆ ತಯಾರಾದ ಆಟಿಕೆಗಳು: ರೆಕ್ಕೆ ಬಡಿಯುವ ಹಕ್ಕಿ, ಕೈ ಎತ್ತುವ ಯಂತ್ರಮನುಷ್ಯ, ಬಾಲ ಅಲ್ಲಾಡಿಸುತ್ತ ಕುಣಿದು ಮುಂದೆ ಹೋಗುವ ಬಿಳಿ ನಾಯಿ. ಒಂದೊಂದರ ಮುಂದೂ ಒಬ್ಬೊಬ್ಬ ವಿದ್ಯಾರ್ಥಿ ನಿಲ್ಲಬೇಕು, ತಾನೇ ಮಾಡಿದ್ದು ಎನ್ನಬೇಕು. ನಾಯಿಯ ಮುಂದೆ ಗಿರಗಿಟ್ಲೆ, ಯಾಕೆಂದರೆ ಅವಳ ಗಂಟಲು ದೊಡ್ಡದು.

ವೈರ್ ಮಿಸ್ ಆಫೀಸಿಗೆ ಹೋದಳು. “ಸರ್, ಇದು ಸುಳ್ಳಲ್ವಾ?”

“ಒಂದು ದಿನದ ಮಾತಮ್ಮ. ಅವರಿಗೆ ಸಮಾಧಾನ ಆದ್ರೆ ಆ ಕೋಣೆ ನಮ್ಮದಾಗಿ ಉಳಿಯುತ್ತೆ. ಇಲ್ಲ ಅಂದ್ರೆ ಬೀರೂ ಹೋಯ್ತು, ಕೋಣೆಯೂ ಹೋಯ್ತು, ನಿಮ್ಮ ಶನಿವಾರವೂ ಹೋಯ್ತು.” ಆಮೇಲೆ ಕಿಟಕಿಯಾಚೆ ನೋಡುತ್ತ ಹೇಳಿದರು: “ನಿಮ್ಮನ್ನ ಮುಂದಿನ ವರ್ಷ ಇಟ್ಕೊಳ್ಳೋದೂ ನನ್ನ ಒಬ್ಬನ ಕೈಲಿಲ್ಲ. ನಿಮಗೇ ಗೊತ್ತು.”

ಆಕೆ ಯೋಚಿಸಿದಳು. ಒಂದು ದಿನದ ಸುಳ್ಳು. ಅದಕ್ಕೆ ಬದಲಾಗಿ ವರ್ಷವಿಡೀ ಶನಿವಾರ. ಲೆಕ್ಕ ಸರಿಯಾಗಿದೆ ಎಂದೇ ಕಂಡಿತು.

ಮರುದಿನ ಊಟದ ಬಿಡುವಿನಲ್ಲಿ ಗಿರಗಿಟ್ಲೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. “ಬಂದವರು ಕೇಳಿದ್ರೆ ಏನು ಹೇಳ್ಬೇಕು?”

“ನನ್ನ ಏಡಿ ಇದೆಯಲ್ಲ ಮಿಸ್. ಅದನ್ನೇ ತೋರಿಸ್ತೀನಿ. ಹೊಸ ಬ್ಯಾಟರಿ ಹಾಕಿದ್ರೆ ಸಕತ್ತಾಗಿ ಓಡುತ್ತೆ.”

“ಏಡಿ ಆಮೇಲೆ ತೋರಿಸೋಣ. ನಾಳೆ ನಾಯಿ. ಹೇಳು, ಈ ನಾಯೀನ...”

“ಈ ನಾಯೀನ ನಾವು ಅಂಗಡಿಯಿಂದ...”

“ನಾನೇ ಮಾಡಿದ್ದು ಅನ್ಬೇಕು.”

ಹುಡುಗಿ ಆಕೆಯ ಮುಖ ನೋಡಿದಳು. ತಮಾಷೆಯೇ ಎಂದು ಹುಡುಕಿದಳು. “ಸುಳ್ಳು ಹೇಳ್ಬಹುದಾ ಮಿಸ್?”

“ನಾಳೆ ಒಂದಿನ. ನಮ್ಮ ಕ್ಲಾಸು ಉಳೀಬೇಕಲ್ಲ? ನನಗೋಸ್ಕರ.”

“ನಿಮಗೋಸ್ಕರ ಅಂದ್ರೆ ಹೇಳ್ತೀನಿ,” ಎಂದಳು ಗಿರಗಿಟ್ಲೆ. ಯಾವುದೂ ಬಾಯಿಪಾಠ ಬಾರದ ಆ ಹುಡುಗಿಗೆ ಈ ಒಂದು ವಾಕ್ಯವನ್ನು ವೈರ್ ಮಿಸ್ ಮತ್ತೆ ಮತ್ತೆ ಹೇಳಿಸಿ, ತಡವರಿಸದಂತೆ ಮಾಡಿ ಕಳಿಸಿದಳು.

ಬಂದವರಲ್ಲಿ ಮುಖ್ಯಸ್ಥೆ ಒಬ್ಬ ಹಿರಿಯ ಹೆಂಗಸು. ಹೆಡ್‌ಮಾಸ್ಟರು ಊಹಿಸಿಕೊಂಡಿದ್ದ ಹಾಗೆ ಗತ್ತಿನವರಲ್ಲ. ಪ್ರತಿ ಮೇಜಿನ ಮುಂದೆ ಬಗ್ಗಿ, ಮಕ್ಕಳ ಕಣ್ಣಿಗೆ ಕಣ್ಣು ಸೇರಿಸಿ ಮಾತಾಡಿದರು. ಹಕ್ಕಿಯ ಮುಂದಿದ್ದ ಹುಡುಗ, ಯಂತ್ರಮನುಷ್ಯನ ಮುಂದಿದ್ದ ಹುಡುಗಿ ಕಲಿಸಿದ್ದನ್ನು ಒಪ್ಪಿಸಿ ಪಾರಾದರು. ನಾಯಿಯ ಸರದಿ ಬಂತು.

“ಇದು ಯಾರು ಮಾಡಿದ್ದು ಪುಟ್ಟಿ?”

“ನಾನೇ ಮಾಡಿದ್ದು.”

“ಭಲೇ! ಸರಿ, ಇದು ಮುಂದಕ್ಕೆ ಹೋಗ್ತಿದೆಯಲ್ಲ. ಹಿಂದಕ್ಕೆ ಹೋಗಬೇಕು ಅಂದ್ರೆ ಏನು ಮಾಡ್ತೀಯಾ?”

ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಇದು ಅವಳಿಗೆ ಗೊತ್ತಿತ್ತು. ಮುಖ ಅರಳಿತು. “ಸುಲಭ ಮೇಡಂ. ಮೋಟರಿಗೆ ಎರಡು ವೈರ್ ಬರುತ್ತಲ್ಲ, ಅದನ್ನ ಅದಲು ಬದಲು ಮಾಡೋದು. ಕರೆಂಟು ಆ ಕಡೆಯಿಂದ ಬಂದ್ರೆ ಮೋಟರು ಆ ಕಡೆ ತಿರುಗುತ್ತೆ.”

ಮುಖ್ಯಸ್ಥೆ ಹಿಂತಿರುಗಿ ತಮ್ಮ ಜೊತೆಯವರನ್ನು ನೋಡಿದರು. ಕಣ್ಣಲ್ಲಿ ನಿಜವಾದ ಸಂತೋಷ. “ಮಾಡಿ ತೋರಿಸ್ತೀಯಾ?”

“ಓ!” ಎಂದಳು ಗಿರಗಿಟ್ಲೆ. ಆ ಉತ್ಸಾಹದಲ್ಲಿ ನಾಯಿ ತನ್ನದಲ್ಲ ಎಂಬುದೇ ಅವಳಿಗೆ ಮರೆತುಹೋಯಿತು. ಓಡಿಹೋಗಿ ವೈರ್ ಮಿಸ್‌ನ ಚೀಲದಿಂದ ಸ್ಕ್ರೂಡ್ರೈವರು ತಂದಳು, ನಾಯಿಯನ್ನು ಅಂಗಾತ ಮಲಗಿಸಿ ಹೊಟ್ಟೆಯ ಸ್ಕ್ರೂಗಳನ್ನು ತೆಗೆದಳು. ವೈರ್ ಮಿಸ್‌ಗೆ ಬೇಡ ಎನ್ನಬೇಕೆನಿಸಿತು. ಮುಚ್ಚಳ ತೆರೆದುಕೊಂಡಿತು.

ಒಳಗೆ ಎರಡು ವೈರುಗಳಿರಲಿಲ್ಲ. ಹಸಿರು ಹಲಗೆ, ಅದರ ಮೇಲೆ ಸಾಸಿವೆ ಕಾಳಿನಂಥ ಕಪ್ಪು ಚುಕ್ಕೆಗಳು, ಮೋಟರು, ಹಲ್ಲುಗಾಲಿಗಳನ್ನೆಲ್ಲ ಒಳಗೇ ಮುಚ್ಚಿಟ್ಟ ಬಿಳಿ ಪೆಟ್ಟಿಗೆ, ಅದಕ್ಕೆ ಅಂಟಿಸಿದ ಕಾರ್ಖಾನೆಯ ಚೀಟಿ. ಹುಡುಗಿ ಬೆರಳಿನಿಂದ ಅತ್ತಿತ್ತ ಸರಿಸಿ ನೋಡಿದಳು. “ಇದ್ರಲ್ಲಿ ಮೋಟರು ಎಲ್ಲಿ?” ಎಂದು ತನ್ನಷ್ಟಕ್ಕೇ ಕೇಳಿಕೊಂಡಳು.

“ನೀನೇ ಮಾಡಿದ್ದು ಅಂದೆಯಲ್ಲ?” ಎಂದರು ಮುಖ್ಯಸ್ಥೆ. ದನಿ ಮೆತ್ತಗೇ ಇತ್ತು, ಆದರೆ ಸಂತೋಷ ಹೋಗಿತ್ತು.

ಹೆಡ್‌ಮಾಸ್ಟರು ಮುಂದೆ ಬಂದು ನಕ್ಕರು. “ಮಕ್ಕಳು ಮೇಡಂ, ಬಡಾಯಿ. ಇವನ್ನೆಲ್ಲ ಮಾದರಿಗೆ ಅಂತ ತರಿಸಿದ್ದು, ನೋಡಿ ಕಲೀಲಿ ಅಂತ. ಇವಳು ನೋಡಿದ್ರೆ ತಾನೇ ಮಾಡಿದೆ ಅಂದುಬಿಟ್ಳು.” ಹುಡುಗಿಯ ಕಡೆ ತಿರುಗಿದರು. “ಯಾರು ಹೇಳಿದ್ದು ನಿಂಗೆ ಹಾಗೆ ಹೇಳೋಕೆ? ಹಾಂ?”

ಗಿರಗಿಟ್ಲೆ ವೈರ್ ಮಿಸ್‌ನ ಕಡೆ ನೋಡಿದಳು. ದೂರುವ ನೋಟವಲ್ಲ. ಪಾಠದ ನಡುವೆ ತೊಡಕು ಬಂದರೆ, ಮುಂದೇನು ಮಿಸ್ ಎಂದು ನೋಡುತ್ತಿದ್ದಳಲ್ಲ, ಹಾಗೆ. ಮುಖ್ಯಸ್ಥೆಯೂ ಆ ನೋಟ ಹಿಡಿದು ವೈರ್ ಮಿಸ್‌ನತ್ತ ತಿರುಗಿದರು. ಕೋಣೆಯಲ್ಲಿದ್ದವರೆಲ್ಲ ತಿರುಗಿದರು.

“ತುಂಬ ಚುರುಕು ಹುಡುಗಿ ಮೇಡಂ,” ಎಂದಳು ವೈರ್ ಮಿಸ್. ತನ್ನ ದನಿ ಅಷ್ಟು ಸಲೀಸಾಗಿ ಹೊರಟದ್ದು ಕೇಳಿ ಆಕೆಗೇ ಬೆರಗಾಯಿತು. “ಸ್ವಲ್ಪ ಉತ್ಸಾಹ ಜಾಸ್ತಿ.”

ಅಷ್ಟೇ. ಎಲ್ಲರೂ ನಕ್ಕರು. ಮುಖ್ಯಸ್ಥೆ ಹುಡುಗಿಯ ಕೆನ್ನೆ ತಟ್ಟಿ, “ಗೊತ್ತಿರೋದು ಇಷ್ಟು ಚೆನ್ನಾಗಿ ಗೊತ್ತಿದೆ, ಸುಳ್ಳು ಯಾಕೆ ಬೇಕಿತ್ತು ಮಗೂ?” ಎಂದು ಮುಂದಿನ ಮೇಜಿಗೆ ಹೋದರು. ಗಿರಗಿಟ್ಲೆ ನಾಯಿಯ ಹೊಟ್ಟೆಯನ್ನು ಮುಚ್ಚಿ, ಒಂದೊಂದೇ ಸ್ಕ್ರೂ ಹಾಕಿ ಬಿಗಿ ಮಾಡಿದಳು. ಸ್ವಿಚ್ಚು ಒತ್ತಿದಾಗ ನಾಯಿ ಎದ್ದು ಮತ್ತೆ ಬಾಲ ಅಲ್ಲಾಡಿಸಿತು.

ಆ ಸಂಜೆ ಮನೆಯಲ್ಲಿ ವೈರ್ ಮಿಸ್ ನಡೆದದ್ದನ್ನು ಹೇಳಿದಳು. ಗಂಡ, “ಹೋಗ್ಲಿ ಬಿಡು, ಮಕ್ಕಳು ಮರೀತಾರೆ,” ಎಂದ. ಅತ್ತೆ ಮಾತ್ರ ಟಿವಿ ಆರಿಸಿ ಸೊಸೆಯ ಕಡೆ ತಿರುಗಿ ಕೂತರು.

“ಬಾಯಿಗೆ ಬೀಗ ಬಿದ್ದಿತ್ತಾ ನಿಂಗೆ?”

“ಬೀಗ ಬಿದ್ದಿದ್ರೆ ವಾಸಿ ಇತ್ತು ಅತ್ತೆ. ಮಾತಾಡಿದೆ ನಾನು.”

ಅತ್ತೆ ಎದ್ದು ಅಡುಗೆಮನೆಗೆ ಹೋದರು.

ದತ್ತಿ ಸಂಸ್ಥೆಯವರು ಕೈ ಬಿಡಲಿಲ್ಲ. ಒಂದು ಮಗುವಿನ ಬಡಾಯಿಗೆ ಶಾಲೆಯನ್ನು ದೂರುವುದು ಸರಿಯಲ್ಲ ಎಂದು ಮುಖ್ಯಸ್ಥೆಯೇ ಹೇಳಿದರಂತೆ. ಇನ್ನೊಂದು ಬೀರು ಬಂತು. ವೈರ್ ಮಿಸ್‌ನ ಕೆಲಸವೂ ಮುಂದುವರಿಯಿತು. ಹೆಡ್‌ಮಾಸ್ಟರು ತಾವೇ ಎದ್ದು ಬಂದು, “ಆವತ್ತು ಸಮಯಕ್ಕೆ ಮಾತಾಡಿ ಮಾನ ಉಳಿಸಿದ್ರಿ,” ಎಂದರು. ಎರಡನೆಯ ಬೀರು ಇಟ್ಟ ಮೇಲೆ ಕೋಣೆಯಲ್ಲಿ ಮಕ್ಕಳು ಕೂರುವ ಜಾಗ ಉಳಿಯಲಿಲ್ಲ. ಶನಿವಾರದ ಕ್ಲಾಸು ನಿಂತಿತು. ಮೇಜಿನ ಕೆಳಗಿದ್ದ ಕಾರು, ದೋಣಿ, ಏಡಿಗಳ ರಟ್ಟಿನ ಪೆಟ್ಟಿಗೆಯನ್ನು ಯಾರೋ ಗುಜರಿಯವನಿಗೆ ಹಾಕಿದ್ದರು. ಯಾರೆಂದು ಆಕೆ ವಿಚಾರಿಸಲಿಲ್ಲ.

ಗಿರಗಿಟ್ಲೆ ಎಂಬ ಅಡ್ಡಹೆಸರನ್ನು ಮಕ್ಕಳು ಮರೆತರು. ಈಗ ಅವಳು ‘ನಾನೇ ಮಾಡಿದ್ದು’. ಅವಳು ಬಯಲಿಗೆ ಕಾಲಿಟ್ಟರೆ ಸಾಕು, ಒಬ್ಬ ಕೂಗುತ್ತಿದ್ದ: “ಈ ಶಾಲೆ ಕಟ್ಟಡ ಯಾರು ಕಟ್ಟಿದ್ದು?” ಉಳಿದವರು ಒಟ್ಟಿಗೆ: “ನಾನೇ ಮಾಡಿದ್ದು!” “ಸೂರ್ಯನ್ನ?” “ನಾನೇ ಮಾಡಿದ್ದು!” ಮೊದಮೊದಲು ಅವಳು ಅಟ್ಟಿಸಿಕೊಂಡು ಹೋಗಿ ಹೊಡೆಯುತ್ತಿದ್ದಳು. ಆಮೇಲೆ ಬಯಲಿಗೆ ಹೋಗುವುದನ್ನೇ ಬಿಟ್ಟಳು. ಬಿಡುವಿನಲ್ಲೂ ಬೆಂಚಿನ ಮೇಲೆ ಕೂತಿರುತ್ತಿದ್ದಳು, ಅಲ್ಲಾಡದೆ.

ವೈರ್ ಮಿಸ್ ತಡೆಯಲಾಗದೆ ಒಂದು ಸಂಜೆ ಅಂಗಡಿ ಬೀದಿಗೆ ಹೋದಳು. ಮೆಟ್ಟಿಲ ಕೆಳಗೆ ಹುಡುಗಿಯ ತಾಯಿ ಯಾರದೋ ಪ್ಯಾಂಟಿನ ಅಂಚು ಹೊಲಿಯುತ್ತಿದ್ದಳು. ಟೀಚರನ್ನು ಕಂಡು ಎದ್ದು, ಬಟ್ಟೆ ಸರಿಸಿ ಸ್ಟೂಲು ಕೊಟ್ಟಳು.

“ಮತ್ತೇನಾದ್ರೂ ತಪ್ಪು ಮಾಡಿದ್ಲಾ ಮಿಸ್?”

“ಇಲ್ಲಮ್ಮ. ಆವತ್ತಿನ ವಿಷಯ... ಅವಳು ಸುಳ್ಳು ಹೇಳಿದ್ದು ಅವಳಾಗೇ ಅಲ್ಲ. ನಾನೇ ಹೇಳಿಕೊಟ್ಟಿದ್ದೆ.”

ತಾಯಿ ಯಂತ್ರದ ಗಾಲಿಯ ಮೇಲೆ ಕೈ ಇಟ್ಟು ನಿಂತುಬಿಟ್ಟಳು. ಮೆಟ್ಟಿಲು ಹತ್ತಿ ಇಳಿಯುವವರ ಕಾಲುಗಳು ಅವರಿಬ್ಬರ ಮುಖದ ಮಟ್ಟದಲ್ಲಿ ಓಡಾಡುತ್ತಿದ್ದವು.

“ನಾನು ಅವಳನ್ನ ಹೊಡೆದೆ ಮಿಸ್,” ಎಂದಳು ಕೊನೆಗೆ. “ಅಳತೆ ಕೋಲಿನಲ್ಲಿ. ಅವಳಪ್ಪ ಬಾಯಿ ತೆಗೆದ್ರೆ ಸುಳ್ಳು ಹೇಳೋನು, ಇವಳಿಗೂ ಅದೇ ಬುದ್ಧಿ ಬಂತಾ ಅಂತ. ಯಾರು ಹೇಳಿಕೊಟ್ರು ಅಂತ ಕೇಳ್ದೆ. ಯಾರೂ ಇಲ್ಲ, ನಾನೇ ಹೇಳ್ದೆ ಅಂದ್ಲು. ಎಷ್ಟು ಹೊಡೆದ್ರೂ ನಿಮ್ಮ ಹೆಸರು ಎತ್ತಲಿಲ್ಲ.”

“ನಾನು ಎಲ್ಲರ ಮುಂದೆ ಹೇಳ್ತೀನಿ. ನಿಜ ಹೇಳ್ತೀನಿ.”

“ಹೇಳೋ ಹೊತ್ತಲ್ಲಿ ಹೇಳಲಿಲ್ಲವಲ್ಲ. ಈಗ ನನಗೆ ಬಂದು ಹೇಳಿ ನಿಮ್ಮ ಎದೆ ಹಗುರ ಮಾಡ್ಕೊಂಡ್ರಿ. ನನ್ನ ಕೈಯನ್ನ ನಾನು ಏನು ಮಾಡ್ಲಿ?” ಅವಳು ಕೂತು ಮತ್ತೆ ಯಂತ್ರ ತುಳಿಯತೊಡಗಿದಳು. ಹೊಲಿಗೆ ಸೊಟ್ಟ ಹೋಗುತ್ತಿತ್ತು. “ಹೋಗಿ ಮಿಸ್. ಅವಳು ಬರೋ ಹೊತ್ತು. ನಿಮ್ಮನ್ನ ಇಲ್ಲಿ ನೋಡೋದು ಬೇಡ.”

ಮರುದಿನ ವೈರ್ ಮಿಸ್ ತರಗತಿಯಲ್ಲಿ ಹಾಜರಿ ಮುಗಿಸಿ, ಬೋರ್ಡಿಗೆ ಬೆನ್ನು ಮಾಡಿ ನಿಂತು ಹೇಳಿದಳು. ಹಾಗೆ ಹೇಳು ಎಂದು ಹೇಳಿಕೊಟ್ಟವಳು ತಾನು, ಆವತ್ತು ಅದನ್ನು ಮುಚ್ಚಿಟ್ಟವಳೂ ತಾನು, ತಪ್ಪು ತನ್ನದು, ಆ ಹುಡುಗಿಯದ್ದಲ್ಲ. ಆಮೇಲೆ ಮುಂದಿನ ಬೆಂಚಿನವಳೊಬ್ಬಳು ಪಕ್ಕದವಳ ಕಿವಿಯಲ್ಲಿ ಅಂದದ್ದು ಇಡೀ ಕೋಣೆಗೆ ಕೇಳಿಸಿತು: “ಮಿಸ್ ಎಷ್ಟು ಒಳ್ಳೆಯವರು ಅಲ್ವಾ? ಅವಳನ್ನ ಉಳಿಸೋಕೆ ತಮ್ಮ ಮೇಲೆ ಹಾಕ್ಕೊಂಡ್ರು.”

“ಇಲ್ಲ, ನಿಜವಾಗ್ಲೂ...” ಎಂದಳು ವೈರ್ ಮಿಸ್.

ಮಕ್ಕಳು ಪ್ರೀತಿಯಿಂದ ತಲೆಯಾಡಿಸಿದರು. ಒಬ್ಬರೂ ನಂಬಲಿಲ್ಲ. ಕೊನೆಯ ಬೆಂಚಿನಿಂದ ಗಿರಗಿಟ್ಲೆ, ಪುಸ್ತಕದಿಂದ ತಲೆ ಎತ್ತದೆ, “ಬಿಡಿ ಮಿಸ್,” ಎಂದಳು.

ಆ ವಾರವೇ ಆಕೆ ಹೊಸ ಮೋಟರೊಂದನ್ನು ಕೊಂಡು ತಂದು, ಎಲ್ಲರೂ ಹೋದ ಮೇಲೆ ಹುಡುಗಿಯ ಮುಂದಿಟ್ಟಳು. “ಏನಾದ್ರೂ ಮಾಡೋಣ, ನಾವಿಬ್ರೇ.”

ಗಿರಗಿಟ್ಲೆ ಅದನ್ನು ಮುಟ್ಟಲಿಲ್ಲ. “ನಂಗೆ ಬರಲ್ಲ ಮಿಸ್,” ಎಂದಳು. ಕೋಪವಿಲ್ಲ, ಮುನಿಸಿಲ್ಲ, ಹೊರಗಿನವರ ಜೊತೆ ಮಾತಾಡುವಾಗಿನ ಮರ್ಯಾದೆ. “ಅಮ್ಮ ಬೇಗ ಬಾ ಅಂದಿದಾರೆ.”

ವರ್ಷದ ಕೊನೆಗೆ ವಿದ್ಯುತ್ತಿನ ಪಾಠ ಬಂತು. ವೈರ್ ಮಿಸ್ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು, ಪುಸ್ತಕ ನೋಡಿಕೊಂಡು ಪಾಠ ಮಾಡಿದಳು. ಮೋಟರು ಎಂದರೇನು ಎಂದು ಮಾರನೆಯ ದಿನ ಕೇಳಿದಾಗ ಎದ್ದ ಕೈಗಳಲ್ಲಿ ಒಂದು ಕೊನೆಯ ಬೆಂಚಿನದು. ಆಕೆ ಉಳಿದ ಕೈಗಳನ್ನು ಬಿಟ್ಟು ಅತ್ತ ತಿರುಗಿದಳು. ಹೇಳು ಎಂದಳು.

ಗಿರಗಿಟ್ಲೆ ಕೈ ಕಟ್ಟಿ ನಿಂತಳು. “ವಿದ್ಯುತ್ ಶಕ್ತಿಯನ್ನು ಯಾಂತ್ರಿಕ ಶಕ್ತಿಯನ್ನಾಗಿ ಪರಿವರ್ತಿಸುವ ಸಾಧನಕ್ಕೆ ವಿದ್ಯುತ್ ಮೋಟರು ಎನ್ನುತ್ತಾರೆ.” ಒಂದಕ್ಷರ ತಪ್ಪಲಿಲ್ಲ. ಎಷ್ಟು ಸಂಜೆ ಕೂತು ಉರು ಹೊಡೆದಿದ್ದಳೋ.

“ಸರಿ. ಈಗ ನಿನ್ನ ಮಾತಲ್ಲಿ ಹೇಳು.”

ಹುಡುಗಿ ಆಕೆಯನ್ನು ನೋಡಿದಳು. ಆಮೇಲೆ ಅದೇ ವಾಕ್ಯವನ್ನು, ಅದೇ ರಾಗದಲ್ಲಿ, ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಹೇಳಿದಳು.

ಕೂತುಕೋ ಎಂದು ವೈರ್ ಮಿಸ್ ಕೈಸನ್ನೆ ಮಾಡಿದಳು. ಪೂರ್ತಿ ಅಂಕ ಹಾಕಿ, ಮುಂದಿನ ಬೆಂಚಿನವನನ್ನು ಎಬ್ಬಿಸಿದಳು.